ಸ್ವಇಚ್ಛೆಯಿಂದ, ಆದರೆ ಕೊನೇ ದಿನಾಂಕದೊಳಗೆ

ಫರ್ಲೋ ಅಂದರೆ ನಮಗೆ ಗೊತ್ತಿರೋದು ಜೈಲಿನ ಕೈದಿಗೆ ಸಿಗುವ ರಜೆ. ಸಿಕ್ಕವನು ಖುಷಿಯಿಂದ ಮನೆಗೆ ಹೋಗುತ್ತಾನೆ. ಅಮೆರಿಕದ ಪೈಲಟ್‌ಗೆ ಫರ್ಲೋ ಅಂದರೆ ಬೇರೆಯೇ. ಹೆಸರು ಪಟ್ಟಿಯಲ್ಲಿ ಇರುತ್ತದೆ, ಸಂಬಳ ಇರುವುದಿಲ್ಲ, ಮತ್ತೆ ಯಾವಾಗ ಕರೆಯುತ್ತಾರೋ ದೇವರಿಗೇ ಗೊತ್ತು.

ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್ 14ರಂದು ಇಡೀ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ದಾಟಿದವರು 87,534 ಜನ. ಹಿಂದಿನ ವರ್ಷ ಅದೇ ಹೊತ್ತಿನಲ್ಲಿ 22 ಲಕ್ಷ ಮಂದಿ ಇದ್ದರು. ಸರ್ಕಾರ ವಿಮಾನ ಕಂಪನಿಗಳಿಗೆ ಸಿಬ್ಬಂದಿಯ ಸಂಬಳಕ್ಕೆ ಅಂತ ದುಡ್ಡು ಕೊಟ್ಟಿತು. ಜೊತೆಗೊಂದು ಷರತ್ತು: ಸೆಪ್ಟೆಂಬರ್ 30ರವರೆಗೆ ಯಾರನ್ನೂ ಬಲವಂತವಾಗಿ ಮನೆಗೆ ಕಳಿಸಬಾರದು.

ಬಲವಂತ ತಾನೇ ಬೇಡ? ತಾವಾಗಿಯೇ ಹೋದರೆ ಯಾರ ತಪ್ಪು?

ಶುರುವಾಯಿತು ನೋಡಿ, ರಜೆಯ ಜಾತ್ರೆ. ಬೇಗ ನಿವೃತ್ತಿ, ಅರ್ಧ ಸಂಬಳದ ರಜೆ, ಸಂಬಳವೇ ಇಲ್ಲದ ರಜೆ. ಸೌತ್‌ವೆಸ್ಟ್ ಅನ್ನೋ ವಿಮಾನ ಕಂಪನಿಯಂತೂ ಪೈಲಟ್‌ಗಳಿಗೆ ಐದು ವರ್ಷದವರೆಗಿನ ರಜೆ ಮುಂದಿಟ್ಟಿತು. ಐದು ವರ್ಷ! ಅಷ್ಟರಲ್ಲಿ ಮಗು ಹುಟ್ಟಿ ಶಾಲೆಗೂ ಸೇರಿರುತ್ತದೆ.

ಇಲ್ಲಿ ಎಲ್ಲವನ್ನೂ ನಡೆಸೋದು ಸೀನಿಯಾರಿಟಿ ಪಟ್ಟಿ. ಕಡೆಗೆ ಸೇರಿದವನು ಮೊದಲು ಮನೆಗೆ. ಆದ್ದರಿಂದ ಪಟ್ಟಿಯ ತಳದಲ್ಲಿದ್ದ ಹುಡುಗನಿಗೆ ಮೇಲಿನ ಹಿರಿಯರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತದೆ. ಅವನು ಫೋನ್ ಮಾಡುವುದು ಹೀಗಿರಬೇಕು:

"ಕ್ಯಾಪ್ಟನ್, ಮೊಮ್ಮಕ್ಕಳು ಚೆನ್ನಾಗಿದ್ದಾರಾ? ನೀವು ಮೀನು ಹಿಡಿಯೋಕೆ ಹೋಗಿ ಎಷ್ಟು ದಿನ ಆಯ್ತು?"

"ನನಗೆ ಮೀನು ಇಷ್ಟ ಇಲ್ಲಪ್ಪ."

"ಅಭ್ಯಾಸ ಆಗುತ್ತೆ ಬಿಡಿ, ಕ್ಯಾಪ್ಟನ್. ಕೊನೇ ದಿನಾಂಕ ಯಾವಾಗ ಅಂತ ನೋಡಿದ್ರಾ?"

ಡೆಲ್ಟಾ ಅನ್ನೋ ಇನ್ನೊಂದು ವಿಮಾನ ಕಂಪನಿಯಲ್ಲಿ 1,800ಕ್ಕೂ ಹೆಚ್ಚು ಪೈಲಟ್‌ಗಳು ಬೇಗ ನಿವೃತ್ತಿಗೆ ಸಹಿ ಹಾಕಿದರು. ಕಂಪನಿಯ ಲೆಕ್ಕದಲ್ಲಿ ಜಾಸ್ತಿ ಸಂಬಳದವರು ಹೋದರು, ಉಳಿತಾಯ ಆಯಿತು. ಆದರೆ ದೊಡ್ಡ ವಿಮಾನದ ಕ್ಯಾಪ್ಟನ್ ಎದ್ದು ಹೋದರೆ ಆ ಕುರ್ಚಿಗೆ ಸಣ್ಣ ವಿಮಾನದವನು ಬರಬೇಕು. ಅವನಿಗೆ ವಾರಗಟ್ಟಲೆ ಸಿಮ್ಯುಲೇಟರ್, ಅಂದರೆ ನೆಲದ ಮೇಲಿನ ನಕಲಿ ಕಾಕ್‌ಪಿಟ್‌ನಲ್ಲಿ ತರಬೇತಿ. ಅವನ ಕುರ್ಚಿಗೆ ಇನ್ನೊಬ್ಬ, ಅವನಿಗೂ ತರಬೇತಿ. ರಜೆಗೆ ಹೋದವನ ಕಥೆ ಇನ್ನೂ ಚೆಂದ. ಪ್ರಯಾಣಿಕರನ್ನು ಹೊತ್ತು ಹಾರಬೇಕಾದರೆ ಹಿಂದಿನ 90 ದಿನದಲ್ಲಿ ಮೂರು ಸಲ ಏರಿಸಿ ಮೂರು ಸಲ ಇಳಿಸಿರಬೇಕು. ಸೋಫಾದಿಂದ ಎದ್ದು ಕೂತಿದ್ದು ಲೆಕ್ಕಕ್ಕೆ ಬರೋದಿಲ್ಲ. ಹಾಗಾಗಿ ಅವನೂ ಸಿಮ್ಯುಲೇಟರ್ ಮುಂದೆ ಕ್ಯೂ ನಿಲ್ಲಬೇಕು. ಖಾಲಿ ಆಕಾಶದ ಕಾಲದಲ್ಲಿ ತುಂಬಿ ತುಳುಕಿದ್ದು ಅದೊಂದೇ ಇರಬೇಕು.

ಸರ್ಕಾರ ಮೂರು ಕಂತಿನಲ್ಲಿ ಕೊಟ್ಟ ದುಡ್ಡು ಸುಮಾರು 5,400 ಕೋಟಿ ಡಾಲರ್. ಜನ ಬಂದಾಗ ಸಿಬ್ಬಂದಿ ತಯಾರಾಗಿರಲಿ ಅಂತ. 2021ರಲ್ಲಿ ಜನ ಬಂದೇ ಬಿಟ್ಟರು, ಸಿಬ್ಬಂದಿ ಸಾಲಲಿಲ್ಲ. ಅಕ್ಟೋಬರ್‌ನಲ್ಲಿ ಸೌತ್‌ವೆಸ್ಟ್ ಕೆಲವೇ ದಿನದಲ್ಲಿ 2,000ಕ್ಕೂ ಹೆಚ್ಚು ವಿಮಾನ ರದ್ದು ಮಾಡಿ ಮೊದಲು ದೂರಿದ್ದು ಹವಾಮಾನವನ್ನು. ಪಾಪ ಮೋಡ, ಅದಕ್ಕೆ ಯೂನಿಯನ್ನೂ ಇಲ್ಲ.

ಆಮೇಲೆ ಪೈಲಟ್ ಎಲ್ಲಿ, ಪೈಲಟ್ ಎಲ್ಲಿ ಅಂತ ಹುಡುಕಾಟ. 2023ರಲ್ಲಿ ಸಂಬಳ ಏರಿಸಿದ್ದೇ ಏರಿಸಿದ್ದು.

2024ರ ಏಪ್ರಿಲ್‌ನಲ್ಲಿ ಯುನೈಟೆಡ್ ವಿಮಾನ ಕಂಪನಿ ತನ್ನ ಪೈಲಟ್‌ಗಳಿಗೆ ಮೆಲ್ಲಗೆ ಕೇಳಿತು: ಬೋಯಿಂಗ್ ವಿಮಾನಗಳು ಇನ್ನೂ ಬಂದಿಲ್ಲ, ಮೇ ತಿಂಗಳು ಸಂಬಳವಿಲ್ಲದ ರಜೆ ಯಾರಿಗಾದರೂ ಬೇಕಾ? ಬಲವಂತ ಏನಿಲ್ಲ, ಸುಮ್ನೆ ಕೇಳಿದ್ದು.