ಪೊರೆ ಏನು ಮಾವಿನಕಾಯಿಯಾ, ಬಲಿಯೋಕೆ?

ನಿನ್ನೆ ನಾಮಕರಣಕ್ಕೆ ಹೋಗಿದ್ದೆ. ನಮ್ಮ ಭಾವ ಛತ್ರದ ಮೆಟ್ಟಿಲು ಇಳಿಯುತ್ತಿದ್ದರು. ಕೆರೆಗೆ ಇಳಿಯುವವರ ಹಾಗೆ ಒಂದೊಂದು ಮೆಟ್ಟಿಲನ್ನೂ ಕಾಲಲ್ಲಿ ತಡವುತ್ತಾ!

"ಕಣ್ಣು ತೋರಿಸಿದ್ರಾ ಭಾವ?" ಎಂದೆ.

"ಎರಡಕ್ಕೂ ಪೊರೆ ಬಂದಿದೆಯಪ್ಪಾ. ಇನ್ನೂ ಸ್ವಲ್ಪ ಬಲಿಯಲಿ ಅಂತ ಬಿಟ್ಟಿದ್ದೀನಿ."

ಇಡೀ ಪಂಕ್ತಿ ತಲೆಯಾಡಿಸಿತು. ಬೇಸಿಗೆಯಲ್ಲಿ ಬೇಡ ಎಂದರು ಒಬ್ಬರು. ಆಷಾಢ ಕಳೆಯಲಿ ಎಂದರು ಇನ್ನೊಬ್ಬರು. ಎಲ್ಲರೂ ಕಣ್ಣಿನ ಡಾಕ್ಟರುಗಳೇ!

ಬಲಿಯಲಿ ಅನ್ನೋದಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು. ನಮ್ಮಜ್ಜಿಗೆ ಕಣ್ಣಿನ ಡಾಕ್ಟರ್ ಎಂ.ಸಿ. ಮೋದಿಯವರ ಶಿಬಿರದಲ್ಲಿ ಆಪರೇಷನ್ ಆಗಿತ್ತು. ಪೊರೆ ಅಂದರೆ ಕಣ್ಣೊಳಗಿನ ಮಸೂರ, ಅಂದರೆ ಲೆನ್ಸು, ಮಂಜಾಗೋದು. ಆಗ ಆ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು, ಬದಲಿಗೆ ಒಳಗೆ ಏನೂ ಇಡುತ್ತಿರಲಿಲ್ಲ. ಆಮೇಲೆ ಜನ್ಮಪೂರ್ತಿ ಸೋಡಾಬುಡ್ಡಿ ಕನ್ನಡಕ. ಪೂರಾ ಕಾಣದಂತಾದ ಮೇಲೆ ಮಾಡಿಸಿದರೆ ಸಾಕು ಅನ್ನಿಸೋದು ಸಹಜ.

ಈಗ ಎರಡು ಮೂರು ಮಿಲಿಮೀಟರ್ ಸೀಳು. ಮಸೂರವನ್ನು ಅಲ್ಟ್ರಾಸೌಂಡ್ ಕಂಪನದಿಂದ ಒಡೆದು, ಹೀರಿ ತೆಗೆದು, ಅಲ್ಲೇ ಕೃತಕ ಮಸೂರ ಕೂರಿಸುತ್ತಾರೆ. ಪೊರೆ ಬಲಿತಷ್ಟೂ ಕಣ್ಣಿನ ಹಳೆಯ ಮಸೂರ ಕಲ್ಲಾಗುತ್ತದೆ. ಕಲ್ಲಾದಷ್ಟೂ ಒಡೆಯಲು ಕಂಪನ ಜಾಸ್ತಿ ಬೇಕು, ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಪೆಟ್ಟೂ ಜಾಸ್ತಿ. ಕೆಲವರಲ್ಲಿ ಮಸೂರ ಊದಿಕೊಂಡು ಕಣ್ಣಿನ ಒತ್ತಡವೇ ಏರಿಬಿಡುತ್ತದೆ. ಬಲಿಯಲಿ ಅಂತೆ, ಬಲಿಯಲಿ!

ಹಾಗಂತ ಪೊರೆ ಕಂಡ ದಿನವೇ ಓಡಬೇಕಾ? ಬೇಡ. ಕನ್ನಡಕದ ನಂಬರ್ ಬದಲಿಸಿ ಓದು, ಓಡಾಟ ನಡೆಯುತ್ತಿದ್ದರೆ ಆರಾಮಾಗಿರಿ. ಸಕ್ಕರೆ ಕಾಯಿಲೆಯಿದ್ದರೆ ಮೊದಲು ಕಣ್ಣಿನ ಹಿಂಭಾಗದ ಪರದೆ, ಅಂದರೆ ಅಕ್ಷಿಪಟಲ (ರೆಟಿನಾ), ತೋರಿಸಿಕೊಳ್ಳಿ. ಆದರೆ ಮೆಟ್ಟಿಲು ತಡವುವವರು ಈ ಮಾತನ್ನು ನೆಪ ಮಾಡಿಕೊಳ್ಳಬಾರದು, ಅಷ್ಟೇ.

ಇಷ್ಟು ಜೋರು ಮಾಡುವ ನಾನೇನು ಸಾಚಾ ಅಲ್ಲ. ಎರಡು ವರ್ಷ ತಳ್ಳಿದೆ. ಬಾಯಲ್ಲಿ "ಬಲಿಯಲಿ", ಒಳಗೆ ಶುದ್ಧ ಪುಕ್ಕಲು. ರಾತ್ರಿ ಎದುರಿನ ಗಾಡಿಗಳ ಬೆಳಕು ಕಣ್ಣಲ್ಲಿ ಪಟಾಕಿಯ ಹಾಗೆ ಸಿಡಿಯುತ್ತಿತ್ತು. ನಾನು ಬೈಯುತ್ತಿದ್ದದ್ದು ಆ ಗಾಡಿಯವರನ್ನು! ಅದೇ ಕಣ್ಣಲ್ಲಿ, ಸಂಜೆ ಹೊತ್ತು, ಮೊಮ್ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಟ್ಯೂಷನ್‌ಗೆ ಬಿಟ್ಟಿದ್ದೇನೆ. ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಕೊನೆಗೆ ಮಾಡಿಸಿದೆ. ಡ್ರಾಪ್ಸ್ ಹಾಕಿ ಮರಗಟ್ಟಿಸಿದರು, ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಮರುದಿನ ಒಂದೊಂದೇ ಕಣ್ಣು ಮುಚ್ಚಿ ನನ್ನ ಪಂಚೆ ನೋಡಿದೆ. ಹೊಸ ಕಣ್ಣಿಗೆ ಬೆಳ್ಳಗೆ, ಹಳೆಯದಕ್ಕೆ ಟೀಯಲ್ಲಿ ಅದ್ದಿದ ಹಾಗೆ. ಇಷ್ಟು ದಿನ ಅದನ್ನೇ ಬಿಳಿ ಅಂದುಕೊಂಡಿದ್ದೆನಲ್ಲ!

ಸೋಮವಾರ ಭಾವನನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಇದನ್ನು ಅವರು ಓದುವುದಿಲ್ಲ, ಅಕ್ಷರ ಕಾಣೋಲ್ಲ. ಅಕ್ಕಾ, ನೀನೇ ಓದಿ ಹೇಳು. ಸ್ವಲ್ಪ ಗಟ್ಟಿಯಾಗಿ.