ಮಕ್ಕಳಿಂದ ಕಾದಂಬರಿ ಬರೆಸಬೇಕಾ? ಪರ–ವಿರೋಧ

ಪರ: ಬರೆಯಲಿ ಬಿಡಿ

ಶಾಲೆಯಲ್ಲಿ ಮಕ್ಕಳು ಬರೆಯುವುದೆಲ್ಲ ಚಿಕ್ಕದು. ಒಂದು ಪುಟದ ಪ್ರಬಂಧ, ಐದು ಸಾಲಿನ ಉತ್ತರ, ಆಮೇಲೆ ಅಂಕ, ಅಲ್ಲಿಗೆ ಮುಗಿಯಿತು. ಒಂದೇ ಕತೆಯ ಜೊತೆ ವಾರಗಟ್ಟಲೆ ಇರುವ ಅವಕಾಶ ಅವರಿಗೆ ಸಿಗುವುದೇ ಇಲ್ಲ ಅಲ್ವಾ?

ಅಮೆರಿಕದಲ್ಲಿ ಈ ಅವಕಾಶ ಕೊಟ್ಟಿದ್ದು ನ್ಯಾನೋರೈಮೊ. 1999ರಲ್ಲಿ ಕ್ರಿಸ್ ಬೇಟಿ ಎನ್ನುವವರು ಸ್ಯಾನ್ ಫ್ರಾನ್ಸಿಸ್ಕೊ ಕಡೆ 21 ಜನರನ್ನು ಸೇರಿಸಿ ಶುರು ಮಾಡಿದ ಸವಾಲು ಇದು: ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯಬೇಕು. ಮುಂದಿನ ವರ್ಷದಿಂದ ಅದಕ್ಕೆ ನವೆಂಬರ್ ತಿಂಗಳು ಗೊತ್ತಾಯಿತು. ಆಮೇಲೆ ಮಕ್ಕಳಿಗೇ ಅಂತ ಬೇರೆ ವಿಭಾಗ ಬಂತು. ಅಲ್ಲಿ 50,000ದ ಕಟ್ಟುಪಾಡಿರಲಿಲ್ಲ, ಎಷ್ಟು ಬರೆಯಬೇಕು ಅಂತ ಮಗುವೇ ಗುರಿ ಇಟ್ಟುಕೊಳ್ಳಬಹುದಿತ್ತು. ಶಿಕ್ಷಕರಿಗೆ ಪಾಠದ ಯೋಜನೆ, ಮಕ್ಕಳಿಗೆ ಅಭ್ಯಾಸ ಪುಸ್ತಕ, ಎಲ್ಲ ಸಿಗುತ್ತಿತ್ತು. ಗ್ರಂಥಾಲಯಗಳೂ ಬಾಗಿಲು ತೆರೆದು, ಬನ್ನಿ, ಇಲ್ಲೇ ಕೂತು ಬರೆಯಿರಿ ಅಂತ ಕರೆದವು. 2025ರಲ್ಲಿ, ಇದನ್ನು ನಡೆಸುತ್ತಿದ್ದ ಸಂಸ್ಥೆ ತಾನು ಮುಚ್ಚುವುದಾಗಿ ಹೇಳಿತು. ಆದರೆ ಆ ಕೆಲಸ ನಿಲ್ಲಬೇಕಾಗಿಲ್ಲ. ಅದಕ್ಕೆ ಬೇಕಾಗಿರುವುದು ನೋಟ್‌ಬುಕ್ಕು, ಪೆನ್ನು, ದಿನಕ್ಕೆ ಅರ್ಧ ಗಂಟೆ, ಅಷ್ಟೇ.

ಉದ್ದ ಬರೆಯುವುದೇ ಮಗುವಿಗೆ ಜಾಸ್ತಿ ಕಲಿಸುತ್ತದೆ. ಎರಡನೇ ಅಧ್ಯಾಯದಲ್ಲಿ ಸತ್ತ ನಾಯಿ ಆರನೇ ಅಧ್ಯಾಯದಲ್ಲಿ ಬೊಗಳಿದರೆ, ಅದನ್ನು ಸರಿಮಾಡಲು ಮಗು ತಾನು ಬರೆದದ್ದನ್ನೇ ಮತ್ತೆ ಓದಬೇಕು. ನಾಯಿ ಬದುಕಬೇಕು ಅಂದರೆ ಹಿಂದಿನ ಎಷ್ಟೆಲ್ಲ ಬದಲಾಗುತ್ತದೆ ಅಂತ ಲೆಕ್ಕ ಹಾಕಬೇಕು. ಒಂದು ಪುಟದ ಪ್ರಬಂಧದಲ್ಲಿ ಈ ಕಷ್ಟ ಬರುವುದೇ ಇಲ್ಲ. ಈ ಕಷ್ಟವನ್ನು ಒಮ್ಮೆ ಪಟ್ಟ ಮಗು, ಬೇರೆಯವರ ಪುಸ್ತಕ ಓದುವಾಗ ಇದನ್ನು ಹೇಗೆ ಕಟ್ಟಿದ್ದಾರೆ ಅಂತ ನೋಡಲು ಶುರು ಮಾಡುತ್ತದೆ. ಕಾಗುಣಿತದ ತಪ್ಪು ಆಮೇಲೆ ತಿದ್ದಿದರಾಯಿತು.

ವಿರೋಧ: ತರಗತಿಯಲ್ಲಿ ಬೇಡ

ಬರೆಯುವ ಆಸೆ ಇರುವ ಮಗುವನ್ನು ಯಾರೂ ತಡೆಯಬಾರದು. ನನ್ನ ತಕರಾರು ಅದನ್ನು ಇಡೀ ತರಗತಿಗೆ ಹೇರುವುದರ ಬಗ್ಗೆ.

ತರಗತಿಗೆ ಬಂದ ಕೂಡಲೇ ಅದು ಹೋಂವರ್ಕ್ ಆಗುತ್ತದೆ. ಪದಗಳ ಎಣಿಕೆಯೇ ಗುರಿಯಾದರೆ ಮಗು ಸುಮ್ನೆ ಸಾಲು ತುಂಬಿಸುತ್ತದೆ, 'ತುಂಬಾ ತುಂಬಾ ತುಂಬಾ' ಅಂತ ಬರೆದರೂ ಮೂರು ಪದ ಸಿಕ್ಕಿತಲ್ಲ. ಗೋಡೆಯ ಮೇಲೆ ಯಾರದೆಷ್ಟು ಅಂತ ಪಟ್ಟಿ ಹಾಕಿದರಂತೂ, ನಿಧಾನವಾಗಿ ಬರೆಯುವ ಮಗು, ಅಕ್ಷರ ಕೂಡಿಸಲು ಒದ್ದಾಡುವ ಮಗು, ಮನೆಯಲ್ಲಿ ಬೇರೆ ಭಾಷೆ ಆಡುವ ಮಗು ತಾನು ದಡ್ಡ ಅಂತಲೇ ತಿಳಿಯುತ್ತದೆ. ಅದಕ್ಕೆ ಹೇಳಲು ಒಳ್ಳೆಯ ಕತೆ ಇರಬಹುದು, ಎರಡೇ ಪುಟದ್ದು.

ನವೆಂಬರ್‌ನಲ್ಲಿ ಅಮೆರಿಕದ ಶಾಲೆಗಳಿಗೆ ಥ್ಯಾಂಕ್ಸ್‌ಗಿವಿಂಗ್ ರಜೆ ಬೇರೆ. ಉಳಿದ ದಿನಗಳಲ್ಲಿ ಓಡಿ ಓಡಿ ಬರೆದರೆ ತಿದ್ದುವುದಕ್ಕೆ ಸಮಯವೆಲ್ಲಿ? ಬರವಣಿಗೆ ಹದಕ್ಕೆ ಬರುವುದೇ ಹೊಡೆದುಹಾಕಿ ಮತ್ತೆ ಬರೆಯುವಾಗ.

ನನಗೆ ಎಲ್ಲಕ್ಕಿಂತ ಕಾಡುವುದು ಓದುವವರ ವಿಷಯ. 30 ಮಕ್ಕಳು ತಲಾ 10,000 ಪದ ಬರೆದರೆ 3 ಲಕ್ಷ ಪದ ಆಯಿತು. ಒಬ್ಬ ಟೀಚರ್ ಅದನ್ನು ಓದಿ ಮುಗಿಸುವುದು ಯಾವಾಗ? ಓದದೆ 'ಗುಡ್' ಅಂತ ಗೀಚಿ ಕೊಟ್ಟರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಗ್ರಂಥಾಲಯದಲ್ಲಿ ಇಷ್ಟಪಟ್ಟು ಬಂದ ಆರೇಳು ಮಕ್ಕಳು ಒಬ್ಬರದನ್ನೊಬ್ಬರು ಓದಿ ಜಗಳವಾಡಬಹುದು, ಅದು ಸರಿ. ಶಾಲೆ ಮಾತ್ರ ಬರೆಸಲು ಹೊರಡುವ ಮೊದಲು, ಬರೆದದ್ದನ್ನು ಓದುವವರು ಯಾರು ಅಂತ ಹೇಳಲಿ.