ಜೋಡಿ ಸೈಕಲ್ಲಿನಲ್ಲಿ ಪಂಢರಿ ದಾರಿ

ಪುಣೆಯಿಂದ ಪಂಢರಪುರ ಎಷ್ಟು ದೂರ ಎಂದರೆ ಫೋನಿನ ನಕ್ಷೆ ಸುಮಾರು 210 ಕಿಲೋಮೀಟರು ಎಂದು ಹೇಳಿ ಸುಮ್ಮನಾಗುತ್ತದೆ. ಹೊರಟವನು ಒಬ್ಬನೇ ಎಂದು ಅದರ ಲೆಕ್ಕ. ಜೋಡಿ ಸೈಕಲ್ಲಿಗೆ ಇರುವುದು ಎರಡು ಸೀಟು, ನಾಲ್ಕು ಪೆಡಲು, ಎಂಟಡಿ ಉದ್ದ, ಬೇರೆ ಬೇರೆ ಹೊತ್ತಿಗೆ ಚಹಾ ಕೇಳುವ ಎರಡು ಬಾಯಿ.

ಗಂಡ ಹೆಂಡತಿ ಹೋಗಬಹುದು. ಆದರೆ ಮದುವೆಯಾದ ದಿನದಿಂದ ಬಾಕಿಯಿರುವ ಲೆಕ್ಕವೆಲ್ಲ ಪುಣೆಯ ಅಂಚಿನ ಹಡಪಸರ ದಾಟುವುದರೊಳಗೆ ಹೊರಗೆ ಬರುತ್ತದೆ. ಭಾವ-ಭಾಮೈದರ ಜೋಡಿ ವಾಸಿ. ಒಬ್ಬರ ಮೇಲೊಬ್ಬರಿಗೆ ಸಿಟ್ಟು ಬಂದರೂ ತೋರಿಸುವ ಹಾಗಿಲ್ಲ. ಹ್ಯಾಂಡಲ್ಲು, ಬ್ರೇಕು, ಗೇರು ಇರುವುದು ಮುಂದೆ, ಅಂದರೆ ಭಾವನ ಕೈಯಲ್ಲಿ. ಆತ ಕ್ಯಾಪ್ಟನ್. ಹಿಂದೆ ಕೂರುವವನು ಸ್ಟೋಕರ್, ಉಗಿಬಂಡಿಯ ಒಲೆಗೆ ಕಲ್ಲಿದ್ದಲು ಎತ್ತಿಹಾಕುವವನ ಹೆಸರು. ದಾರಿಯುದ್ದಕ್ಕೂ ಅವನಿಗೆ ಆಗುವುದು ಭಾವನ ಬೆನ್ನಿನ ದರ್ಶನ.

ಪಂಢರಿಗೆ ಪಾಲಖಿಯ, ಅಂದರೆ ಸಂತರ ಪಾದುಕೆಯ ಪಲ್ಲಕ್ಕಿ ಹೋಗುವ ದಾರಿಗಳು ಎರಡು. ಜ್ಞಾನೇಶ್ವರರದು ದಿವೆ ಘಾಟ್ ಹತ್ತಿ ಸಾಸವಡ, ಜೇಜುರಿ, ಫಲಟಣ, ಮಾಳಶಿರಸದ ಮೇಲೆ ಹೋಗುತ್ತದೆ. ತುಕಾರಾಮರದು ಯವತ, ಬಾರಾಮತಿ, ಇಂದಾಪುರ, ಅಕಲೂಜ. ಎರಡೂ ಪಂಢರಿಯ ಹತ್ತಿರದ ವಾಖರಿಯಲ್ಲಿ ಕೂಡುತ್ತವೆ. ಕನ್ನಡದವರ ಕಣ್ಣು ಹೋಗುವುದು ಮೊದಲನೆಯದರ ಮೇಲೆ. ಜೇಜುರಿಯ ಖಂಡೋಬಾ ನಮ್ಮ ಮೈಲಾರನೇ. ಸಾಸವಡದ ಆಚೆ ಪುರಂದರಗಡ ಕಾಣುತ್ತದೆ. ಅದನ್ನು ಕಂಡೊಡನೆ ದಾಸರ ಹುಟ್ಟೂರು ಇದೋ, ತೀರ್ಥಹಳ್ಳಿ ಕಡೆಯ ಆರಗವೋ ಎಂಬ ವಾದ ಶುರುವಾಗುತ್ತದೆ. ಘಾಟ್ ಹತ್ತಿ ಬಂದವರಲ್ಲಿ ವಾದಕ್ಕೆ ಉಸಿರು ಉಳಿದಿದ್ದರೆ, ಹಿಂದಿನವನು ಪೆಡಲು ತುಳಿದಿಲ್ಲ ಎಂದೇ ಅರ್ಥ. ಜೇಜುರಿಯಲ್ಲಿ ತೂರುವ ಭಂಡಾರ ಎಣ್ಣೆ ಹಚ್ಚಿದ ಚೈನಿನ ಮೇಲೆ ಕೂತರೆ ಅರಿಸಿನದ ಗೊಜ್ಜು. ಮಂಗಳಕರವೇ, ಆದರೆ ಗೇರು ಬೀಳುವುದಿಲ್ಲ.

ಘಾಟ್ ಬೇಡ ಎನ್ನುವುದಕ್ಕೆ ಇನ್ನೂ ಗಟ್ಟಿ ಕಾರಣವಿದೆ. ಸವಾರರಿಬ್ಬರು 140 ಕೆಜಿ, ಸೈಕಲ್ಲು 20, ಗಂಟುಮೂಟೆ 12. ಇಷ್ಟು ತೂಕ ಏರಿನಲ್ಲಿ ಎಮ್ಮೆ, ಇಳಿಜಾರಿನಲ್ಲಿ ಗೂಳಿ. ಗಾಳಿ ಸೀಳಲು ಒಂದೇ ಎದೆ, ತಳ್ಳಲು ಇಬ್ಬರ ಭಾರ. ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಹಿಡಿದರೆ ರಿಮ್ಮು ಕಾದು ಟ್ಯೂಬು ಢಮ್ ಎನ್ನುತ್ತದೆ. ಹಿಂದೆ ಮುಂದೆ ಬದಲಿಸಿ, ಹಿಡಿದು ಬಿಡಬೇಕು. ಈ ವಿದ್ಯೆಯನ್ನು ತಿರುವಿನಲ್ಲಿ ಕಲಿಯುವುದು ಬೇಡ. ತುಕಾರಾಮರ ದಾರಿಯೇ ಸರಿ, ಹತ್ತು ಕಿಲೋಮೀಟರು ಹೆಚ್ಚಾದರೆ ಆಗಲಿ.

ಯಾವಾಗ ಹೋಗಬೇಕು? ಆಷಾಢದ ವಾರಿಯಲ್ಲಂತೂ ಅಲ್ಲ. ಲಕ್ಷಗಟ್ಟಲೆ ಜನ ನಡೆಯುವ ದಾರಿಯಲ್ಲಿ ಎಂಟಡಿಯ ಸೈಕಲ್ಲು ಮಂಗಳಾರತಿಯ ನಡುವೆ ತಂದ ಏಣಿ. ಚಳಿಗಾಲದಲ್ಲಿ ಕಬ್ಬಿನ ಹಂಗಾಮು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಹಿಂದೆ ದೀಪವಿಲ್ಲ. ಮೇಲಾಗಿ ಆಗ ಗಾಳಿ ಮೂಡಣದಿಂದ ಎದೆಗೇ ಬಡಿಯುತ್ತದೆ. ಶ್ರಾವಣವೇ ಒಳ್ಳೆಯದು: ಪಡುವಣ ಗಾಳಿ ಬೆನ್ನಿಗೆ, ಬಾರಾಮತಿ ಕಡೆ ಮಳೆನೆರಳು, ಕಬ್ಬು ಇನ್ನೂ ಹೊಲದಲ್ಲಿ. ಚಾತುರ್ಮಾಸ್ಯದಲ್ಲಿ ದೇವರು ಮಲಗಿರುತ್ತಾನಲ್ಲ ಎಂದು ಮನೆಯ ಹಿರಿಯರು ಆಕ್ಷೇಪಿಸಬಹುದು. ನಮ್ಮ ಸವಾರಿಯನ್ನು ಅವನು ನೋಡದಿರುವುದೇ ಕ್ಷೇಮ. ಸೋಮವಾರ ಮಾತ್ರ ಹೊರಡಬೇಡಿ. ಹಿಂದಿನವನಿಗೆ ಉಪವಾಸವಿದ್ದರೆ ಪಾಟಸ ಬರುವುದರೊಳಗೆ ಅವನು ಸವಾರನಲ್ಲ, ಸಾಮಾನು.

ಮೊದಲ ದಿನ ಬಾರಾಮತಿ, ಸುಮಾರು 100 ಕಿಲೋಮೀಟರು. ಬೆಳಗಿನ ಐದಕ್ಕೇ ಹಡಪಸರ ದಾಟಿರಬೇಕು. ಎರಡನೆಯ ದಿನ ಇಂದಾಪುರದ ಮೇಲೆ ಅಕಲೂಜ, ಮೂರನೆಯ ದಿನ ಮಧ್ಯಾಹ್ನದೊಳಗೆ ಪಂಢರಿ. ಗಂಟೆಗೆ 20ರ ಲೆಕ್ಕ ಹಾಕಬೇಡಿ. ಒಬ್ಬ ಇಳಿದರೆ ಇಬ್ಬರೂ ಇಳಿಯಬೇಕು, ಮತ್ತೆ ಹತ್ತುವುದು ಒಂದು ಸಮಾರಂಭ: ಮುಂದಿನವನು ಕಾಲು ಅಗಲಿಸಿ ನಿಂತು ಎರಡೂ ಬ್ರೇಕು ಬಿಗಿಹಿಡಿಯಬೇಕು, ಹಿಂದಿನವನು ಹತ್ತಿ ಎರಡೂ ಪಾದ ಪೆಡಲ ಮೇಲಿಟ್ಟು, ಭಾವನ ಬಲಪೆಡಲು ಮೇಲೆ ಬರುವಂತೆ ಹಿಮ್ಮುಖ ತಿರುಗಿಸಬೇಕು, ಆಮೇಲೆ ‘ಹೂಂ’. ಭಾವ ಕಾಲು ಅಗಲಿಸುವುದನ್ನು ಮರೆತರೆ ಪೆಡಲು ಬಂದು ಮೊಣಕಾಲ ಕೆಳಗಿನ ಎಲುಬಿಗೇ ಹೊಡೆಯುತ್ತದೆ. ಅದು ಆಕಸ್ಮಿಕವೇ ಎಂದು ಭಾಮೈದನನ್ನು ಕೇಳಬಾರದು.

ಭಾವ ಬಾಯಿ ಬಿಡಬೇಕಾದದ್ದು ಮೂರು ಸಲ. ‘ಗುಂಡಿ’ ಎಂದರೆ ಹಿಂದಿನವನು ಸೀಟಿನಿಂದ ಎದ್ದಾನು. ಅವನಿಗೆ ರಸ್ತೆ ಕಾಣದು, ಗುಂಡಿ ನೇರ ಬೆನ್ನುಮೂಳೆಗೆ ಬರುತ್ತದೆ. ‘ಗೇರು’ ಎಂದರೆ ಇಬ್ಬರೂ ಅರೆಗಳಿಗೆ ಕಾಲು ಸಡಿಲಿಸಬೇಕು, ಇಲ್ಲದಿದ್ದರೆ ನಾಲ್ಕು ಕಾಲಿನ ಬಲಕ್ಕೆ ಚೈನು ತುಂಡು. ‘ಬಿಟ್ಟೆ’ ಎಂದರೆ ತುಳಿಯುವುದು ನಿಲ್ಲಿಸಿದೆ ಎಂದು. ಹೇಳದೆ ಬಿಟ್ಟರೆ ಹಿಂದಿನವನ ಮಂಡಿಗೆ ಆ ಸುದ್ದಿ ಮೊದಲು ಮುಟ್ಟುತ್ತದೆ. ಹಂಪು ಎತ್ತರವಿದ್ದರೆ ಇಳಿದು ತಳ್ಳಿ. ಚಕ್ರಗಳ ನಡುವಿನ ಅಂತರ ದೊಡ್ಡದು, ಮಧ್ಯದ ಹಲ್ಲುಚಕ್ರ ಹಂಪಿನ ನೆತ್ತಿಗೆ ತಾಗಿ ಕೂತುಬಿಡುತ್ತದೆ.

ಎಡಗಡೆ ಎರಡು ಜೊತೆ ಪೆಡಲುಗಳನ್ನು ಜೋಡಿಸುವ ಚೈನೊಂದಿದೆಯಲ್ಲ, ಕಾಟ ಕೊಡುವುದು ಅದೇ. ಸಡಿಲಾದರೆ ಕಳಚಿ ಬೀಳುತ್ತದೆ. ಹಾಗೇ ಸಿಕ್ಕಿಸಿದರೆ ಮುಂದಿನ ಪೆಡಲೂ ಹಿಂದಿನ ಪೆಡಲೂ ತಾಳ ತಪ್ಪುತ್ತವೆ, ಭಾವನದು ಮೇಲಿದ್ದಾಗ ಭಾಮೈದನದು ಕೆಳಗೆ. ಎರಡನ್ನೂ ಒಂದೇ ನೇರಕ್ಕೆ ತಂದು ಸಿಕ್ಕಿಸಿ. ಮುಂದಿನ ಪೆಡಲಿನ ಅಚ್ಚು ಕೂತಿರುವ ಗುಂಡನೆಯ ತುಂಡಿನ ಬೋಲ್ಟು ಸಡಿಲಿಸಿ, ಅದನ್ನು ತಿರುಗಿಸಿ, ಚೈನಿನ ನಡುವೆ ಒಂದು ಸೆಂಟಿಮೀಟರು ಆಡುವಷ್ಟು ಬಿಟ್ಟು ಬಿಗಿಯಬೇಕು. ಚೈನೇ ಹೋದರೆ ಊರಿನ ಅಂಗಡಿಯ ಒಂದು ಚೈನು ಸಾಲದು, ಎರಡು ಕೊಂಡು ಜೋಡಿಸಬೇಕು. ಹಿಂದಿನ ಗೇರಿನ ಕೇಬಲ್ಲೂ ಹಾಗೆಯೇ, ಮಾಮೂಲಿ ಎರಡು ಮೀಟರಿನದು ತಲುಪದು. ಮೂರು ಮೀಟರಿನದೊಂದು, ಹಿಂದಿನ ಚಕ್ರದ ನಾಲ್ಕು ಕಡ್ಡಿ, ಟ್ಯೂಬು ಮೂರು ಮನೆಯಿಂದಲೇ ಒಯ್ಯಿರಿ. ರಸ್ತೆಬದಿಯ ಜಾಲಿಮುಳ್ಳಿಗೆ ಭಕ್ತಿಯ ಗಂಧವಿಲ್ಲ.

ಪಂಢರಿಯಲ್ಲಿ ಪಾದಸ್ಪರ್ಶದ ಸಾಲು ಉದ್ದ, ಮುಖದರ್ಶನದ್ದು ಬೇಗ ಸಾಗುತ್ತದೆ. ಒಬ್ಬ ದರ್ಶನಕ್ಕೆ, ಒಬ್ಬ ಸೈಕಲ್ಲಿನ ಕಾವಲಿಗೆ. ಒಂದೇ ಬೀಗ ಎರಡು ಚಕ್ರಕ್ಕೆ ಎಟುಕುವುದಿಲ್ಲ, ಕೂಸುಗಳೆಲ್ಲ ಬಂದು ಗಂಟೆ ಬಾರಿಸಿ ಹೋಗುತ್ತವೆ.

ಮರಳುವಾಗ ಬೆನ್ನಿಗಿದ್ದ ಗಾಳಿ ಎದುರಾಗುತ್ತದೆ, ಪೌರುಷ ಬೇಡ. ಛೋಟಾ ಹಾಥಿ ಟೆಂಪೋ ಗೊತ್ತುಮಾಡಿ. ಅದರ ಹಿಂಭಾಗ ಏಳಡಿ ಚಿಲ್ಲರೆ, ಸೈಕಲ್ಲು ಎಂಟಡಿ. ಚಕ್ರ ಬಿಚ್ಚಬೇಕಿಲ್ಲ, ಮೂಲೆಯಿಂದ ಮೂಲೆಗೆ ಓರೆಯಾಗಿಟ್ಟರೆ ಹಿಡಿಸುತ್ತದೆ. ಡ್ರೈವರ್ ಪಕ್ಕದಲ್ಲಿ ಜಾಗ ಒಬ್ಬರಿಗೆ. ಭಾವ ಮಾತಿಲ್ಲದೆ ಹತ್ತಿ ಕೂತಿರುತ್ತಾನೆ. ಭಾಮೈದನಿಗೆ ಎಸ್‌ಟಿ ಬಸ್ಸು. ಅವನು ಮುಂದಿನ ಸೀಟೇ ಹಿಡಿಯಲಿ. ತಾನು ಬಂದ ದಾರಿ ಹೇಗಿತ್ತು ಎಂಬುದನ್ನು ಅವನಿನ್ನೂ ನೋಡಿಲ್ಲ.